ಏಪ್ರಿಲ್ ರಜೇಲೂ ಟ್ಯೂಷನ್ನಾ?

ಒಂಬತ್ತನೇ ಕ್ಲಾಸಿನ ರಿಸಲ್ಟ್ ಬಂದು ವಾರ ಆಗಿಲ್ಲ, ಶಿರಸೀಲಿ ಆಗ್ಲೇ ವೆಕೇಶನ್ ಬ್ಯಾಚ್ ಶುರು. ಬೆಳಿಗ್ಗೆ ಮೊದಲ ಬಸ್ಸಿಗೆ ಹಳ್ಳಿಯಿಂದ ಬ್ಯಾಗ್ ಹೊತ್ಕೊಂಡು ಬರ್ತಾವೆ ಮಕ್ಕಳು, ಮಧ್ಯಾಹ್ನ ಸುಡು ಬಿಸಿಲಲ್ಲಿ ವಾಪಸ್. ಏನ್ ಕಲಿಸ್ತಾರೆ ತಂಗಿ ಅಂತ ಒಬ್ಬಳನ್ನ ಕೇಳ್ದೆ. ಹತ್ತನೇ ಪೋರ್ಷನ್ನು, ಶಾಲೆ ಶುರುವಾಗೋದ್ರೊಳಗೆ ಅರ್ಧ ಮುಗಿಸ್ತಾರೆ ಅಂದ್ಲು. ಆಮೇಲೆ? ಸೈನ್ಸ್ ತಗೊಳ್ತೆ ಅಂದ್ಲು. ಸೈನ್ಸ್ ತಗೊಂಡು? ಸುಮ್ನಾದ್ಲು. ಆಗ ನಂಗೆ ಸಿಟ್ಟು ಬಂದಿದ್ದು ಆ ಹುಡುಗಿ ಮೇಲಲ್ಲ, ದೊಡ್ಡವರು ಅನ್ನಿಸಿಕೊಂಡ ನಮ್ಮ ಮೇಲೆ.

ಇನ್ನೊಂದು ವರ್ಷಕ್ಕೆ ಆ ಹುಡುಗಿ ಸೈನ್ಸೋ ಕಾಮರ್ಸೋ ಆರ್ಟ್ಸೋ ಅಂತ ಫಾರ್ಮಲ್ಲಿ ಬರೀಬೇಕು. ಟೀಚರು, ಡಾಕ್ಟರು, ಬ್ಯಾಂಕಿನವರು ಬಿಟ್ರೆ ದುಡಿಮೆ ಅಂದ್ರೆ ಏನು ಅಂತ ಹತ್ತಿರದಿಂದ ನೋಡಿದ್ದೇ ಇಲ್ಲ. ನೋಡೋದಕ್ಕೆ ಸಿಗೋದು ಈ ಏಪ್ರಿಲ್ ಮೇ ಮಾತ್ರ, ಅದನ್ನೂ ಕಿತ್ಕೊಂಡು ಜೂನಲ್ಲಿ ಹೆಂಗೂ ಮಾಡೋ ಪಾಠಾನೇ ಮಾಡ್ತೀವಿ.

ಹೋದ ವರ್ಷ ಮೇ ಕೊನೇಲಿ ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸ್ತಾ ಇದ್ವಿ. ಪಕ್ಕದ ಮನೆ ಮಾಣಿ, ಹತ್ತನೇ ಕ್ಲಾಸಿಗೆ ಹೋಗೋನು, ಬಂದು ನಿಂತಿದ್ದ. ನೂರು ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕೆಜಿ, ಸುಣ್ಣ ಒಂದು ಕೆಜಿ, ಅದು ಅವನಿಗೂ ಗೊತ್ತು. ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡ ದ್ರಾವಣದಲ್ಲಿ ಕತ್ತಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿದ, ಅಲಗಿನ ಮೇಲೆ ಕೆಂಪು ಹತ್ತಿತ್ತು, ಸುಣ್ಣ ಸಾಲ್ದು ಅಂದ. ಸುಣ್ಣ ಹಾಕಿ, ಅಲಗು ಉಜ್ಜಿ ಮತ್ತೆ ಅದ್ದಿದಾಗ ಕೆಂಪಿಲ್ಲ. ಮಾಣಿಗೆ ತಡೀಲಿಲ್ಲ, ಯಾಕೆ ಯಾಕೆ ಅಂತ ಒಂದೇ ಸಮ. ಕಬ್ಬಿಣ ತಾಮ್ರಾನ ದ್ರಾವಣದಿಂದ ಹೊರಗೆ ಹಾಕ್ತು ಮಾರಾಯ ಅಂದೆ. ಹತ್ತನೇ ವಿಜ್ಞಾನದ ಪುಸ್ತಕದಲ್ಲಿ ಕಬ್ಬಿಣದ ಮೊಳೆ, ತಾಮ್ರದ ಸಲ್ಫೇಟ್ ಅಂತ ಇರೋದು ಇದೇ ಪಾಠ. ಶಾಲೇಲಿ ಆ ಪಾಠ ಬಂದ ದಿನ ಸಂಜೆ ನಮ್ಮನೆ ಅಂಗಳಕ್ಕೆ ಓಡಿ ಬಂದ. ಈಗ ಕೊಳೆ ಬಗ್ಗೆ, ಎಲೆಚುಕ್ಕಿ ರೋಗದ ಬಗ್ಗೆ ಓದೋಕೇ ಕಾಲೇಜು ಇದ್ಯಾ ಅಂತ ಕೇಳ್ತಾನೆ. ಇದೆ. ಕೃಷಿ, ತೋಟಗಾರಿಕೆ ಕಾಲೇಜಲ್ಲಿ ಅದನ್ನ ಓದಬಹುದು. ಶಿರಸೀಲೇ ಅರಣ್ಯ ಕಾಲೇಜೂ ಇದೆ, ಸಿಇಟಿ ಬರೆದು ಬಿಎಸ್ಸಿ ಫಾರೆಸ್ಟ್ರಿಗೆ ಹೋಗಬಹುದು ಅಂತ ಅದರ ಗೇಟಿನ ಮುಂದೆ ದಿನಾ ಓಡಾಡೋ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಕೃಷಿಕರ ಕೋಟಾದಲ್ಲಿ ಸೀಟು ಬೇಕಂದ್ರೆ ಪ್ರಾಕ್ಟಿಕಲ್ ಪರೀಕ್ಷೆ ಬೇರೆ ಇರ್ತದೆ, ಬೀಜ, ಗೊಬ್ಬರ, ಸಲಕರಣೆ ಗುರುತಿಸ್ಬೇಕು. ತೋಟದ ಮನೆ ಮಕ್ಕಳನ್ನೇ ತೋಟದಿಂದ ಎಬ್ಬಿಸಿ ಟ್ಯೂಷನ್ನಿಗೆ ಅಟ್ಟಿದ್ರೆ ಅದನ್ನ ಯಾವ ಬ್ಯಾಚಲ್ಲಿ ಕಲೀಬೇಕು?

ಸಿಟಿ ಮಕ್ಕಳು ಎಂಟನೇ ಕ್ಲಾಸಿಂದ್ಲೇ ನೀಟ್ ಫೌಂಡೇಶನ್ ಮಾಡ್ತಾರೆ, ನಮ್ಮವರು ಹಿಂದೆ ಬೀಳ್ತಾರೆ ಅಂತೀರಿ. ಆ ಹೆದರಿಕೆ ನಂಗೂ ಅರ್ಥ ಆಗ್ತದೆ. ಆದ್ರೆ ನಮ್ಮ ಕನ್ನಡ ಮೀಡಿಯಂ ಮಕ್ಕಳು ಪಿಯು ಸೈನ್ಸಲ್ಲಿ ಎಡವೋದು ಇಂಗ್ಲಿಷ್ ಪುಸ್ತಕದಲ್ಲಿ. ಹಂಗಾದ್ರೆ ರಜೇಲಿ ದಿನಾ ಒಂದು ತಾಸು ಇಂಗ್ಲಿಷ್ ಓದಿಸಿ, ಬೇಡ ಅಂದವರಾರು? ಹತ್ತನೇ ಪೋರ್ಷನ್ ಎರಡು ಸಲ ಓಡಿಸಿದ್ರೆ ಅದು ಬರೋದಿಲ್ಲ. ರಜೇಲಿ ಮಾಡ್ಬೇಕಾದ ಕೆಲಸ ಇನ್ನೊಂದಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರ ಅಪ್ಪ ಅಮ್ಮಂದಿರು, ಸಿಇಟಿಗೆ ಬೇಕಾಗೋ ಗ್ರಾಮೀಣ, ಕನ್ನಡ ಮಾಧ್ಯಮ ಸರ್ಟಿಫಿಕೇಟು ಈಗ್ಲೇ ಮಾಡಿಸಿಡಿ, ಒಂದರಿಂದ ಹತ್ತರ ತನಕದ್ದು ಬೇಕು, ಕೊನೇ ಗಳಿಗೇಲಿ ಶಾಲೆಯಿಂದ ಶಾಲೆಗೆ ಓಡೋ ಎಷ್ಟು ಜನರನ್ನ ನೋಡಿಲ್ಲ!

ಕರಾವಳಿ ಕಡೆ ಸ್ನೇಹಿತರಿಗೂ ಇದೇ ಮಾತು. ಜೂನ್ ಒಂದಕ್ಕೆ ಟ್ರಾಲಿಂಗ್ (ಬೋಟಲ್ಲಿ ಬಲೆ ಎಳೆದು ಮೀನು ಹಿಡಿಯೋದು) ನಿಷೇಧ ಶುರುವಾಗೋದ್ರೊಳಗೆ ಕಾರವಾರದ ಬೈತಕೋಲ ಬಂದರಿಗೆ ಮಕ್ಕಳನ್ನ ಕರ್ಕೊಂಡು ಹೋಗಿ, ಬೋಟಿನ ಇಂಜಿನ್ ಯಾರು ರಿಪೇರಿ ಮಾಡ್ತಾರೆ ತೋರಿಸಿ. ಕಾರವಾರದ್ದೇ ಕೋಡಿಬಾಗದಲ್ಲಿ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರದ ವಿಭಾಗ ಇದೆ ಅಂತಾನೂ ಹೇಳಿ.

ಫಾರೆಸ್ಟಲ್ಲಿ, ಆಸ್ಪತ್ರೆ ಲ್ಯಾಬಲ್ಲಿ, ಕೋರ್ಟಲ್ಲಿ, ಸರ್ವೆ ಆಫೀಸಲ್ಲಿ, ಗ್ಯಾರೇಜಲ್ಲಿ ಕೆಲಸ ಮಾಡೋರು ಈ ಪೋಸ್ಟ್ ಓದ್ತಿದ್ರೆ, ಮೇ ಮುಗಿಯೋದ್ರೊಳಗೆ ಒಂದು ದಿನ ಇಬ್ಬರು ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಳ್ತೀರಾ? ಕಮೆಂಟಲ್ಲಿ ಊರು, ಕೆಲಸ ಬರೀರಿ, ಮಕ್ಕಳನ್ನ ಕಳಿಸೋ ಜವಾಬ್ದಾರಿ ನಂದು.