ಆಸೆ ಮೊದಲೇ ಬರಬೇಕು ಅಂತ ಯಾರು ಹೇಳಿದ್ದು?

ನಿನ್ನೆ ರಾತ್ರಿ ಗೆಳತಿಯೊಬ್ಬಳು ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಮದುವೆಯಾಗಿ ಹನ್ನೊಂದು ವರ್ಷ. "ನನಗೆ ತಾನಾಗಿ ಆಸೆಯೇ ಆಗಲ್ಲ" ಅಂತ ಧೈರ್ಯ ಮಾಡಿ ಡಾಕ್ಟರ್ ಹತ್ತಿರ ಹೇಳಿಕೊಂಡಿದ್ದಾಳೆ. ಅವರು ಎರಡು ನಿಮಿಷ ಕೇಳಿ, "ಕೆಲವು ಹೆಂಗಸರು ತಣ್ಣಗೆ ಇರ್ತಾರೆ, ಹೊಂದಿಕೊಂಡು ಹೋಗಿ" ಅಂದರಂತೆ.

ತಣ್ಣಗೆ! ಆ ಪದ ಕೇಳಿದಾಗಿನಿಂದ ನನ್ನ ಮೈ ಉರಿಯುತ್ತಿದೆ.

ನಾನು ಅವಳನ್ನು ಒಂದೇ ಪ್ರಶ್ನೆ ಕೇಳಿದೆ. ಶುರುವಾದ ಮೇಲೆ ನಿನಗೆ ಹಿತ ಅನ್ನಿಸುತ್ತಾ? "ಎಷ್ಟೋ ಸಲ ತುಂಬಾ ಚೆನ್ನಾಗಿರುತ್ತೆ. ಶುರು ಮಾಡೋಣ ಅಂತ ಮಾತ್ರ ಅನ್ನಿಸಲ್ಲ." ಇದನ್ನು ಕಾಯಿಲೆ ಅಂತ ಹೇಗೆ ಅನ್ನುವುದು?

1966ರಲ್ಲಿ ಅಮೆರಿಕದ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ಲೈಂಗಿಕ ಸುಖಕ್ಕೆ ದೇಹ ಕೊಡುವ ಸ್ಪಂದನೆಯನ್ನು ನಾಲ್ಕು ಮೆಟ್ಟಿಲಾಗಿ ವಿವರಿಸಿದರು. ಹೆಣ್ಣಿಗೂ ಗಂಡಿಗೂ ಅದೇ ಏಣಿ. ಎಪ್ಪತ್ತರ ದಶಕದಲ್ಲಿ ಲೈಂಗಿಕ ಚಿಕಿತ್ಸಾ ತಜ್ಞೆ ಹೆಲೆನ್ ಸಿಂಗರ್ ಕಪ್ಲಾನ್ ಅದರ ಮೊದಲಿಗೆ 'ಆಸೆ'ಯನ್ನು ಸೇರಿಸಿದರು. ಆಮೇಲೆ ಅದೇ ಅಳತೆಗೋಲಾಯಿತು. ಆದರೆ 2000ದಲ್ಲಿ ಕೆನಡಾದ ವೈದ್ಯೆ ರೋಸ್‌ಮೇರಿ ಬ್ಯಾಸನ್ ಬೇರೆಯೇ ಚಿತ್ರ ಕೊಟ್ಟರು. ಅನೇಕ ಹೆಂಗಸರಿಗೆ, ಅದರಲ್ಲೂ ಜಾಸ್ತಿ ವರ್ಷ ಜೊತೆಗಿದ್ದವರಿಗೆ, ಮೊದಲು ಬರುವುದು ಹತ್ತಿರ ಇರಬೇಕು ಅನ್ನುವ ಮನಸ್ಸು. ಆಮೇಲೆ ಸ್ಪರ್ಶ, ಮೈ ಬಿಸಿಯೇರುವುದು. ಆಸೆ ಅದರ ಹಿಂದೆ ಬರುತ್ತದೆ. ತಡವಾಗಿ ಬಂದರೂ ಅದು ಆಸೆಯೇ ಅಲ್ವಾ?

ಹಾಗಂತ ಮನಸ್ಸಿಲ್ಲದಾಗಲೂ ಒಪ್ಪಿಕೋ, ಆಮೇಲೆ ಸರಿಹೋಗುತ್ತದೆ ಅಂತ ಯಾರೂ ಇದನ್ನು ತಿರುಚಬೇಡಿ. ಬೇಡ ಅಂದರೆ ಬೇಡ. "ಹೊಂದಿಕೊಂಡು ಹೋಗಿ" ಅನ್ನುವ ಮಾತಿಗೆ ನನಗೆ ಸಿಟ್ಟು ಬಂದಿರುವುದೇ ಅದಕ್ಕೆ.

ಎರಡನೇ ಹೆರಿಗೆ ಆದಮೇಲಿನ ನನ್ನ ದಿನಗಳು ನಿಮ್ಮಲ್ಲಿ ಹಲವರಿಗೆ ಗೊತ್ತು. ಗೊತ್ತಿಲ್ಲದ್ದನ್ನು ಇವತ್ತು ಹೇಳುತ್ತೇನೆ. ಆಗ ಎರಡು ವರ್ಷ ನಾನು ಸುಖ ಸಿಕ್ಕಂತೆ ನಟಿಸಿದೆ. ಮೊಲೆಹಾಲು ಕುಡಿಸುವಾಗ ಈಸ್ಟ್ರೋಜನ್ ಹಾರ್ಮೋನ್ ಕಡಿಮೆಯಾಗಿ ಯೋನಿ ಒಣಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮುಟ್ಟು ನಿಂತ ಮೇಲೂ ಹಾಗೆ ಆಗುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಆಸೆಯನ್ನೂ ತಗ್ಗಿಸಬಹುದು, ಸುಖದ ತುದಿ ಮುಟ್ಟುವುದನ್ನೂ ಕಷ್ಟ ಮಾಡಬಹುದು. ನಾನು ಮಾತ್ರ ಅದೆಲ್ಲ ನನ್ನದೇ ತಪ್ಪು ಅಂದುಕೊಂಡಿದ್ದೆ.

ಬರೀ ಸಂಭೋಗದಿಂದ ಸುಖದ ತುದಿ ಮುಟ್ಟದ ಹೆಂಗಸರೇ ಜಾಸ್ತಿ. ಇದೂ ನನ್ನ ಗೆಳತಿಗೆ ಗೊತ್ತಿರಲಿಲ್ಲ. ಹೆಣ್ಣಿನ ಸುಖದ ಮುಖ್ಯ ಅಂಗ ಕ್ಲಿಟೋರಿಸ್. ಹೊರಗೆ ಕಾಣುವುದು ಅದರ ತುದಿ ಮಾತ್ರ, ಉಳಿದ ದೊಡ್ಡ ಭಾಗ ಒಳಗಿದೆ. ಅದರ ಪೂರ್ತಿ ರಚನೆಯನ್ನು ಆಸ್ಟ್ರೇಲಿಯಾದ ವೈದ್ಯೆ ಹೆಲೆನ್ ಓಕಾನೆಲ್ 1998ರಲ್ಲಿ ವಿವರವಾಗಿ ತೋರಿಸಿದರು. ಅಷ್ಟು ತಡವಾಗಿ! ಇನ್ನೊಂದು ವಿಷಯ. ಒದ್ದೆಯಾದ ಮಾತ್ರಕ್ಕೆ ಮನಸ್ಸಿದೆ ಅಂತಲ್ಲ, ಒಣಗಿದ್ದ ಮಾತ್ರಕ್ಕೆ ಮನಸ್ಸಿಲ್ಲ ಅಂತಲೂ ಅಲ್ಲ. ಆ ಹೆಣ್ಣನ್ನೇ ಕೇಳಬೇಕು.

"ಎಲ್ಲವೂ ಸಹಜ ಅಂದುಬಿಟ್ಟರೆ ನಿಜವಾದ ತೊಂದರೆ ಇರುವವರು ಸುಮ್ನಾಗಿಬಿಡ್ತಾರೆ" ಅಂತ ಕೆಲವರು ಹೇಳುತ್ತೀರಿ. ಎಲ್ಲವೂ ಸಹಜ ಅಂತ ನಾನು ಹೇಳುತ್ತಿಲ್ಲ. ನೋವು ಸಹಜವಲ್ಲ. ನೋವಾದರೆ ಸಹಿಸಬೇಡಿ, ತೋರಿಸಿ. ಅದಕ್ಕೆ ಕಾರಣಗಳಿವೆ, ಚಿಕಿತ್ಸೆಯೂ ಇದೆ. ಇದ್ದ ಆಸೆ ಹೋಗಿ ನಿಮಗೇ ಸಂಕಟವಾಗುತ್ತಿದ್ದರೂ ತೋರಿಸಿ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಸಮೀಕ್ಷೆಯಲ್ಲಿ ಸುಮಾರು 43 ಶೇಕಡಾ ಹೆಂಗಸರು ಏನೋ ಒಂದು ಲೈಂಗಿಕ ತೊಂದರೆ ಇದೆ ಅಂದಿದ್ದರು. ಅದರಿಂದ ಸಂಕಟವೂ ಇದೆ ಅಂದವರು ಸುಮಾರು 12 ಶೇಕಡಾ. ಆ ಸಂಕಟ ಇದೆಯಾ ಅಂತ ತಿಳಿಯಬೇಕಾದರೆ ಎರಡು ನಿಮಿಷಕ್ಕಿಂತ ಜಾಸ್ತಿ ಕೂತು ಕೇಳಬೇಕಾಗುತ್ತದೆ. ಸುಮ್ನೆ "ತಣ್ಣಗೆ" ಅನ್ನುವ ಚೀಟಿ ಅಂಟಿಸಿ ಕಳಿಸಿದರೆ ಹೇಗೆ ಗೊತ್ತಾಗಬೇಕು?

ಬೆಳಿಗ್ಗೆ ಅವಳ ಮೆಸೇಜ್ ಬಂತು. "ರಾತ್ರಿ ಹೇಳಿದ್ದನ್ನೆಲ್ಲ ಬರೆದು ಹಾಕು. ಅವನ ಪಕ್ಕ ಕೂತು ಓದ್ತೀನಿ."