ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ಗಳು ನಿಂತುಹೋಗಿಲ್ಲ: ಒಂದು ಸ್ಪಷ್ಟನೆ

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ಗಳ ತಯಾರಿಕೆಯೇ ನಿಂತಿದೆ, ಇನ್ನು ಮೊಬೈಲ್ ಮಾತ್ರ ಎಂಬ ಸಂದೇಶವೊಂದು ಮಂಗಳೂರು, ಉಡುಪಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ. ಸೋನಿಯ ಪಿಎಸ್ ವೀಟಾ 2019ರಲ್ಲಿ, ನಿಂಟೆಂಡೊ 3ಡಿಎಸ್ 2020ರಲ್ಲಿ ನಿಂತದ್ದು ನಿಜ. ಆದರೆ 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ 15 ಕೋಟಿಗೂ ಹೆಚ್ಚು ಮಾರಾಟವಾಗಿದೆ ಮತ್ತು 2025ರ ಜೂನ್ 5ರಂದು ಬಿಡುಗಡೆಯಾದ ಸ್ವಿಚ್ 2 ನಾಲ್ಕೇ ದಿನಗಳಲ್ಲಿ 35 ಲಕ್ಷ ದಾಟಿತು. ನಿಜವಾಗಿ ಬದಲಾದದ್ದು ಸಾಧನದ ಸ್ವರೂಪ: ಸ್ವಿಚ್ ಅನ್ನು ಟಿವಿಗೆ ಜೋಡಿಸಿದ ಡಾಕ್ ಎಂಬ ಸ್ಟ್ಯಾಂಡ್‌ನಲ್ಲಿ ಇಟ್ಟರೆ ಟಿವಿಯಲ್ಲಿ ಕಾಣುವ ಆಟವೇ, ಹೊರತೆಗೆದೊಡನೆ, ಕೈಯಲ್ಲಿರುವ ಪರದೆಯ ಮೇಲೆ ಮುಂದುವರಿಯುತ್ತದೆ, 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಇಂಥದ್ದೇ ಕನ್ಸೋಲ್ ಕಂಪ್ಯೂಟರ್ ಆಟಗಳನ್ನೇ ನಡೆಸುತ್ತದೆ. 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿದ್ದರೂ ಕಾರ್ಟ್ರಿಜ್ (ಆಟ ತುಂಬಿದ ಚಿಕ್ಕ ಕಾರ್ಡ್) ಹಾಕಿ ಆಡಲು ಅಡ್ಡಿಯಿಲ್ಲವಾದ್ದರಿಂದ, ಈ ಸಂದೇಶ ನಂಬಿ ಮಕ್ಕಳ ಹಳೆಯ ಕನ್ಸೋಲನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.