ಒದ್ದೆ ಪ್ಯಾಂಟಿನ ತೂಕ

ಕಡಲಿನಿಂದ ಎತ್ತಿದ ಒಂದು ಜೀನ್ಸ್ ಪ್ಯಾಂಟು ಎಷ್ಟು ತೂಗುತ್ತದೆ, ಹೇಳಿ ನೋಡೋಣ. ಎಂಟು ಕೆಜಿ. ನಾನೇ ಎತ್ತಿದ್ದು, ನಾನೇ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದ್ದು. ಬರೀ ಪ್ಯಾಂಟು ಮುಕ್ಕಾಲು ಕೆಜಿ ಇದ್ದೀತು. ಉಳಿದದ್ದು ಎರಡೂ ಕಾಲಿನೊಳಗೆ ಗಟ್ಟಿಯಾಗಿ ಕೂತಿದ್ದ ಹೊಯಿಗೆ. ಹೊಯಿಗೆ ಅಂದರೆ ಮರಳು. ನಾನು ಘಟ್ಟದ ಮೇಲಿನವನು, ಮಂಗಳೂರಿಗೆ ಬಂದು ಹದಿನಾಲ್ಕು ವರ್ಷದಲ್ಲಿ ಇಷ್ಟಾದರೂ ಕಲಿತಿದ್ದೇನೆ.

ಕೊಡವಿ ತೂಗೋಣ ಅಂತ ಪ್ಯಾಂಟಿನ ಎರಡು ಕಾಲು ಹಿಡಿದು ತಲೆಕೆಳಗು ಮಾಡಿದೆ ನೋಡಿ, ನಮ್ಮ ತಂಡದ ಲೀಡರ್ ಓಡಿ ಬಂದರು.

"ಎಂತ ಮಾಡ್ತೀರಿ ಮಾರಾಯ್ರೆ! ಕೊಡವಬೇಡಿ. ಹಾಗೇ ಹಾಕಿ."

ಹಾಗೇ ಹಾಕಿದೆವು. ಬೀಚಿನಲ್ಲಿ ಎತ್ತಿದ ಕಸ ಯಾರದ್ದು ಹೆಚ್ಚು ತೂಗುತ್ತದೋ ಆ ತಂಡಕ್ಕೆ ಬಹುಮಾನ. ನಾಲ್ಕನೇ ಸ್ಥಾನದಲ್ಲಿದ್ದ ನಮ್ಮ ತಂಡ ಒಂದೇ ಪ್ಯಾಂಟಿನ ಬಲದಿಂದ ಮೊದಲ ಸ್ಥಾನಕ್ಕೆ ಹಾರಿತು.

ಸೆಪ್ಟೆಂಬರಿನ ಮೂರನೇ ಶನಿವಾರ ಪ್ರಪಂಚದ ಎಲ್ಲ ಕಡೆ ಜನ ಬೀಚ್ ಕ್ಲೀನ್ ಮಾಡುತ್ತಾರೆ. 1986ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಇಬ್ಬರು ಹೆಂಗಸರು ಶುರುಮಾಡಿದ ಕೆಲಸ ಇದು. ಅವರು ಕಸ ಎತ್ತಿ ಸುಮ್ಮನಾಗಲಿಲ್ಲ. ಒಂದು ಕಾರ್ಡ್ ಮಾಡಿ, ಏನೇನು ಸಿಕ್ಕಿತು, ಎಷ್ಟೆಷ್ಟು ಸಿಕ್ಕಿತು ಅಂತ ಎಣಿಸಿ ಬರೆಸಿದರು. ಎಣಿಸಿದರೆ ಕಳ್ಳ ಯಾರು ಅಂತ ಗೊತ್ತಾಗುತ್ತದೆ. ವರ್ಷಗಟ್ಟಲೆ ಆ ಲೆಕ್ಕದಲ್ಲಿ ಸಿಗರೇಟು ತುಂಡೇ ಮೊದಲು ಬರುತ್ತಿತ್ತು. 2019ರ ಎಣಿಕೆಯಲ್ಲಿ ತಿಂಡಿ ಪ್ಯಾಕೆಟ್ಟು ಅದನ್ನು ಹಿಂದೆ ಹಾಕಿತು, ಸುಮಾರು 47 ಲಕ್ಷ ಖಾಲಿ ಪ್ಯಾಕೆಟ್ಟು. ಹೊರಗೆ ಬಣ್ಣ, ಒಳಗೆ ಬೆಳ್ಳಿ ಹೊಳಪು, ಗುಜರಿ ಅಂಗಡಿಯವನು ಕೈಯಲ್ಲೂ ಮುಟ್ಟದ ಮಾಲು ಅದು.

ನಾವು ಮಾತ್ರ ಎಣಿಸುವುದಿಲ್ಲ, ತೂಗುತ್ತೇವೆ. ಎಣಿಸಿದರೆ ಯಾರದ್ದೋ ಹೆಸರು ಬರುತ್ತದೆ. ತೂಗಿದರೆ ಟನ್ ಬರುತ್ತದೆ, ಟನ್ನಿಗೆ ಯಾರ ಹೆಸರೂ ಇಲ್ಲ. ಪೇಪರಿನವರಿಗೂ ಹೆಡ್‌ಲೈನಿಗೆ ಟನ್ನೇ ಬೇಕು. 2022ರಲ್ಲಿ ದೇಶದ 75 ಬೀಚುಗಳಲ್ಲಿ 75 ದಿನ ಅಭಿಯಾನ ನಡೆಯಿತಲ್ಲ, ಅದಕ್ಕೂ ಗುರಿ 1,500 ಟನ್ ಕಸ ಅಂತ ಇತ್ತು. ಆಗಲೇ ನನಗೊಂದು ಸಂಶಯ ಬಂದಿತ್ತು. ಜನ ಒಂದು ವೇಳೆ ಕಸ ಹಾಕುವುದನ್ನು ನಿಲ್ಲಿಸಿಬಿಟ್ಟರೆ ಗುರಿ ಮುಟ್ಟುವುದು ಹೇಗೆ? ಪುಣ್ಯಕ್ಕೆ ಹಾಗೇನೂ ಆಗಲಿಲ್ಲ.

ನಮ್ಮ ಶನಿವಾರಕ್ಕೆ ಬರುತ್ತೇನೆ. ಏಳು ಗಂಟೆಗೆ ಅಂದಿದ್ದರು, ಆರೂ ಮುಕ್ಕಾಲಿಗೇ ಇನ್ನೂರು ಜನ ಸೇರಿದ್ದೆವು. ಎಲ್ಲರಿಗೂ ಒಂದೊಂದು ಟೀಶರ್ಟು, ಪ್ರತಿ ಟೀಶರ್ಟಿಗೆ ಒಂದು ಪ್ಲಾಸ್ಟಿಕ್ ಕವರು. ಒಂದು ಜೊತೆ ಗ್ಲೌಸು, ಅದಕ್ಕೂ ಕವರು. ಕುಡಿಯಲು ಗೇಣುದ್ದದ ನೀರಿನ ಬಾಟಲಿ. ಗಾಳಿ ಮರಗಳ ನಡುವೆ ಕಟ್ಟಿದ ವೇದಿಕೆಯ ಹಿಂದೆ ಇಪ್ಪತ್ತು ಅಡಿಯ ಫ್ಲೆಕ್ಸ್, ಅದರಲ್ಲಿ 'ಪ್ಲಾಸ್ಟಿಕ್ ಮುಕ್ತ ಕಡಲು ನಮ್ಮ ಕನಸು' ಅಂತ ಬರೆಸಿದ್ದರು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರು, ಚೀಲ, ತಟ್ಟೆ, ಲೋಟ ಎಲ್ಲ ನಿಷೇಧವಾದದ್ದು 2016ರ ಮಾರ್ಚಿನಲ್ಲಿ. ಆ ಲೆಕ್ಕದಲ್ಲಿ ಅವತ್ತು ಬೀಚಿನಲ್ಲಿದ್ದ ಅತಿ ದೊಡ್ಡ ನಿಷೇಧಿತ ವಸ್ತುವಿನ ಮುಂದೆ ನಿಂತು ನಾವೆಲ್ಲ ಪ್ರತಿಜ್ಞೆ ತಗೊಂಡೆವು. ಬಲಗೈ ಮುಂದೆ ಚಾಚಿ, ಎಡಗೈಯಲ್ಲಿ ಬಾಟಲಿ ಹಿಡಿದುಕೊಂಡು.

ಮುಖ್ಯ ಅತಿಥಿಗಳು ಬಂದದ್ದು ಎಂಟೂವರೆಗೆ. ಅಷ್ಟು ಹೊತ್ತಿಗೆ ಒಂದು ತೊಡಕು ಎದುರಾಗಿತ್ತು. ದೊಡ್ಡವರು ಬರುತ್ತಾರೆ ಅಂತ ಹಿಂದಿನ ದಿನವೇ ಪೌರಕಾರ್ಮಿಕರನ್ನು ಕರೆಸಿ ವೇದಿಕೆಯ ಸುತ್ತ ಗುಡಿಸಿಬಿಟ್ಟಿದ್ದರು. ಎತ್ತಲು ಕಸವಿರುವುದು ಆಚೆ, ತೋಡು ಬಂದು ಕಡಲು ಸೇರುವಲ್ಲಿ. ಅಲ್ಲಿಗೆ ಅರ್ಧ ಫರ್ಲಾಂಗು ಹೊಯಿಗೆಯಲ್ಲಿ ನಡೆಯಬೇಕು, ಅತಿಥಿಗಳ ಕಾಲಲ್ಲಿ ಬಿಳಿ ಶೂ. ಕೊನೆಗೆ ಕಸವೇ ನಡೆದು ಬಂತು. ಎರಡು ಗೋಣಿಯಲ್ಲಿ ತಂದು, ಚೆನ್ನಾಗಿ ಕಾಣುವ ಹಾಗೆ ಹರಡಿದರು. ಅತಿಥಿಗಳು ಬಗ್ಗಿ ಒಂದು ಬಾಟಲಿ ಎತ್ತಿದರು. ಫೋಟೋದವನು "ಸರ್, ಇನ್ನೊಂದ್ ಸಲ" ಅಂದ. ಬಾಟಲಿ ಕೆಳಗಿಟ್ಟು ಮತ್ತೆ ಎತ್ತಿದರು. ಅವತ್ತು ಆ ಒಂದು ಬಾಟಲಿಯನ್ನು ನಾಲ್ಕು ಸಲ ಕಡಲಿನಿಂದ ಮುಕ್ತಗೊಳಿಸಲಾಯಿತು.

ಭಾಷಣದಲ್ಲಿ ಅವರು "ನಮ್ಮ ಬೀಚಿಗೂ ಬ್ಲೂ ಫ್ಲ್ಯಾಗ್ ತರುತ್ತೇವೆ" ಅಂದರು. ಚಪ್ಪಾಳೆ ಬಿತ್ತು. ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಸಿಕ್ಕಿದ, ಸ್ವಚ್ಛ ಬೀಚು ಅನ್ನುವ ಅಂತರರಾಷ್ಟ್ರೀಯ ಸರ್ಟಿಫಿಕೇಟು ಅದು. ಒಳ್ಳೆಯದೇ. ಆದರೆ ಅದು ಸಿಗುವುದು ಅಳತೆ ಮಾಡಿ ಗುರುತು ಹಾಕಿದ ಒಂದು ತುಂಡಿಗೆ. ಆಚೆ ಈಚೆ ಹೇಗಿದ್ದರೂ ನಡೆಯುತ್ತದೆ. ಕಡಲಿಗೆ ಓದು ಬರಹ ಬರುವುದಿಲ್ಲ, ಬೋರ್ಡ್ ನೋಡಿ ಕಸ ಹಾಕುವ ಅಭ್ಯಾಸವೂ ಇಲ್ಲ.

ಆಮೇಲೆ ನಿಜವಾದ ಕೆಲಸ ಶುರುವಾಯಿತು. ಕಸ ಎತ್ತುವವರು ಕಳ್ಳರಲ್ಲ, ಅದನ್ನು ಹೇಳಿಬಿಡಬೇಕು. ಶನಿವಾರದ ನಿದ್ದೆ ಬಿಟ್ಟು ಬಂದ ಕಾಲೇಜು ಹುಡುಗಿಯರು, ರಿಟೈರಾದ ಮೇಷ್ಟ್ರು, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಗ್ಗುತ್ತಿದ್ದ ಒಬ್ಬಳು ತಾಯಿ. ಸೊಂಟ ಹಿಡಿದುಕೊಂಡರೂ ಯಾರೂ ದೂರಲಿಲ್ಲ. ಎಣಿಸುವ ಕಾರ್ಡೂ ಒಂದು ಇತ್ತು, ಎಲ್ಲಿಂದಲೋ ಪ್ರಿಂಟ್ ತೆಗೆದದ್ದು. ನನ್ನ ಅಕ್ಷರ ಚೆನ್ನಾಗಿದೆ ಅಂತ ನನ್ನ ಕೈಗೆ ಕೊಟ್ಟರು. ಮುಚ್ಚಳ 214, ಸ್ಟ್ರಾ 61, ಚಪ್ಪಲಿ 17. ಚಪ್ಪಲಿಯಲ್ಲಿ ಹನ್ನೊಂದು ಎಡಗಾಲಿನವು. ಬಲಗಾಲಿನವು ಯಾವ ಊರಿಗೆ ಹೋದವೋ.

ತೊಡಕಾದದ್ದು ದೇವರ ಹತ್ತಿರ. ಗಾಜು ಒಡೆದ, ಕಟ್ಟಿನ ಮೂಲೆ ಬಿಟ್ಟ ದೇವರ ಫೋಟೋಗಳು ಮೂರು ಸಿಕ್ಕಿದವು. ಒಂದರಲ್ಲಿ ದೇವರ ಮುಖ ಉಪ್ಪು ತಿಂದು ಅಳಿಸಿಹೋಗಿತ್ತು, ಆಶೀರ್ವಾದದ ಕೈ ಮಾತ್ರ ಉಳಿದಿತ್ತು. ಮನೆಗೆ ಹೊಸ ಫೋಟೋ ಬಂದ ದಿನ ಹಳೆಯದನ್ನು ಗೌರವದಿಂದ ನೀರಿಗೆ ಬಿಡುತ್ತಾರಲ್ಲ, ಅವೇ. ಈಗ ಇವನ್ನು ಹಾಕುವುದು ಯಾವ ಗೋಣಿಗೆ? ಚಪ್ಪಲಿ ಇರುವ ಗೋಣಿಗೆ ಹಾಕುವ ಹಾಗಿಲ್ಲ. ಡಯಪರ್ ಇರುವ ಗೋಣಿಯ ಮಾತೇ ಬೇಡ. ಹಸಿ ಕಸ, ಒಣ ಕಸ ಅಂತ ಬೇರೆ ಮಾಡಲು ಹೇಳಿದ್ದರು, ದೇವರು ಯಾವುದು ಅಂತ ಹೇಳಿರಲಿಲ್ಲ. ಮೇಷ್ಟ್ರು ಚಪ್ಪಲಿ ಕಳಚಿ, ಒಡೆದ ಗಾಜಿನ ನಡುವೆ ಬರಿಗಾಲಲ್ಲಿ ಹೋಗಿ ಮೂರನ್ನೂ ಎತ್ತಿ ತಂದರು. ತೂಗಬೇಕೋ ಬೇಡವೋ ಅಂತ ಚರ್ಚೆ ಬಂತು. "ತುಲಾಭಾರದಲ್ಲಿ ತೂಗುವುದು ಭಕ್ತರನ್ನು, ದೇವರನ್ನಲ್ಲ" ಅಂತ ಒಬ್ಬರು ತೀರ್ಪು ಕೊಟ್ಟರು. ತೂಗಲಿಲ್ಲ. ಕಾರ್ಡಿನಲ್ಲಿ ನಾನು 'ಇತರೆ: 3' ಅಂತ ಬರೆದೆ.

ತೂಕದ ಹುಚ್ಚಿನಲ್ಲಿ ಸಣ್ಣ ಕಸಕ್ಕೆ ಕಿಮ್ಮತ್ತೇ ಇಲ್ಲ. ನಮ್ಮಲ್ಲಿ ಯಾರೂ ಥರ್ಮೋಕೋಲ್ ಚೂರು ಎತ್ತಲು ತಯಾರಿರಲಿಲ್ಲ. ಗೋಣಿ ತುಂಬಿದರೂ ತಕ್ಕಡಿಯ ಮುಳ್ಳು ಅಲುಗುವುದಿಲ್ಲವಲ್ಲ. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್ ಸಮೇತ ಮುಳುಗಿತು. ಪ್ಲಾಸ್ಟಿಕ್ ಸಾಮಾನು ಮಾಡುವ ಕಚ್ಚಾ ಕಾಳು ಕೇರಳದ ತೀರಕ್ಕೆ ಬಂದು ಬಿದ್ದವು. ಸಬ್ಬಕ್ಕಿ ಅಂದುಕೊಳ್ಳಿ, ಹಾಗೇ ಬೆಳ್ಳಗೆ, ಅಷ್ಟೇ ಗಾತ್ರ. ಸ್ವಯಂಸೇವಕರು ಜರಡಿ ಹಿಡಿದು ಕೂತು ಮರಳು ಸೋಸಿದರು. ಮಂಡಿಯೂರಿ ಬೆಳಗಿನಿಂದ ಸಂಜೆಯವರೆಗೆ ಸೋಸಿದವನ ಪಾಲಿಗೆ ಎಷ್ಟು ಬಂದೀತು? ನಮ್ಮ ತಕ್ಕಡಿಯಲ್ಲಾದರೆ ಅವನು ಕೊನೆಯ ಸ್ಥಾನ. ನನ್ನ ಪ್ಯಾಂಟಿನ ಒಂದು ಕಾಲಿಗೂ ಸಮ ಇಲ್ಲ.

ಬಿಸಿಲೇರಿದ ಮೇಲೆ ಗಾಳಿ ಮರದ ನೆರಳಿಗೆ ಹೋದೆ. ಗೋಳಿಬಜೆ ಕೊಡುತ್ತಿದ್ದರು, ಒಳಗೆ ಪ್ಲಾಸ್ಟಿಕ್ ಮೆತ್ತಿದ ಕಾಗದದ ತಟ್ಟೆಯಲ್ಲಿ. ಅಲ್ಲೇ ಒಬ್ಬರು ಅಜ್ಜ ಕಾಲು ಚಾಚಿ, ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹೊಲಿಯುತ್ತಿದ್ದರು.

"ನಿಮ್ಮದು ಎಷ್ಟಾಯ್ತು?" ಅಂತ ಕೇಳಿದರು.

"ಪ್ಯಾಂಟು ಒಂದೇ ಎಂಟು ಕೆಜಿ ಬಂತು ಅಜ್ಜ" ಅಂದೆ. ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

"ಅದು ಇಲ್ಲಿಯದ್ದಲ್ಲ. ಮೇಲೆ ಹೊಳೆಯಲ್ಲಿ ತೀರ್ಥಸ್ನಾನ ಮಾಡಿ ಬಿಟ್ಟದ್ದು. ಹಳೇ ಬಟ್ಟೆ ಬಿಟ್ರೆ ಪಾಪ ಹೋಗ್ತದೆ ಅಂತ ಬಿಡುದು. ಮಳೆಗೆ ಹೊಳೆಯಲ್ಲಿ ಬರ್ತದೆ, ಅಳಿವೆ ದಾಟ್ತದೆ, ಇಲ್ಲಿ ಬಂದು ಬೀಳ್ತದೆ. ಯಾರದ್ದೋ ಪಾಪ, ನೀವು ತೂಕಕ್ಕೆ ಹಾಕಿದ್ರಿ."

ಗೋಳಿಬಜೆ ಗಂಟಲಲ್ಲಿ ನಿಂತಿತು. ಸುಮ್ನೆ ಹೇಳಿದ ಮಾತಲ್ಲ ಅದು. ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ, ನೇತ್ರಾವತಿ ಮಂಗಳೂರಿನಲ್ಲಿ ಕಡಲನ್ನು. ತೀರ್ಥಕ್ಷೇತ್ರಗಳಲ್ಲಿ ಬಟ್ಟೆ ನೀರಿಗೆ ಬಿಡುವುದನ್ನು ತಡೆಯಿರಿ, ಹೊಳೆ ಹತ್ತಿರ 500 ಮೀಟರಿನೊಳಗೆ ಸೋಪು ಶಾಂಪೂ ಮಾರಿಸಬೇಡಿ ಅಂತ ರಾಜ್ಯದ ಪರಿಸರ ಸಚಿವರೇ 2025ರ ಮಾರ್ಚಿನಲ್ಲಿ ಸೂಚನೆ ಕೊಟ್ಟಿದ್ದರು. ನಾನೂ ಒಂದು ಕಾಲದಲ್ಲಿ ಅಮ್ಮ ಹೇಳಿದಳು ಅಂತ ಒಂದು ಅಂಗಿ ಬಿಟ್ಟು ಬಂದವನೇ. ಆ ಅಂಗಿಯನ್ನು ಯಾವ ಶನಿವಾರ ಯಾವ ತಂಡ ತೂಗಿತೋ.

ಮಾತಾಡುತ್ತಲೇ ಅಜ್ಜ ಬಲೆಯ ಹರಿದ ತುದಿಯನ್ನು ಕತ್ತರಿಸಿ ಪಕ್ಕಕ್ಕೆ ಹಾಕಿದರು. ಬೆರಳುದ್ದದ ಹಸಿರು ನೈಲಾನ್. ಗಾಳಿ ಅದನ್ನು ಕಡಲ ಕಡೆಗೆ ಉರುಳಿಸಿತು. ನಾನು ಅದನ್ನು ನೋಡಿದೆ. ಅವರು ನನ್ನನ್ನು ನೋಡಿದರು.

"ಅದು ಸಣ್ಣದು" ಅಂದರು.

ತಪ್ಪು ಅವರೊಬ್ಬರದ್ದೇ ಅಲ್ಲ ಬಿಡಿ. ಕೊಲ್ಲಂ ಹತ್ತಿರದ ಶಕ್ತಿಕುಳಂಗರದಲ್ಲಿ 2017ರಲ್ಲಿ ಬೋಟಿನವರ ಕೈಗೆ ಚೀಲ ಕೊಟ್ಟರು. ಬಲೆಗೆ ಸಿಕ್ಕ ಪ್ಲಾಸ್ಟಿಕನ್ನು ಅವರು ನೀರಿಗೆ ಎಸೆಯದೆ ದಡಕ್ಕೆ ತಂದರು, ಅದನ್ನು ಪುಡಿ ಮಾಡಿ ರಸ್ತೆಗೆ ಹಾಕಿದರು. ಅಲ್ಲಿ ಚೀಲ ಕೊಡುವವರೂ ಇದ್ದರು, ವಾಪಸ್ ಇಸಕೊಳ್ಳುವವರೂ ಇದ್ದರು. ನಮ್ಮಲ್ಲಿ ಕೊಡುವವರಿಗೆ ಬರವಿಲ್ಲ.

ಅದು ಗೊತ್ತಾದದ್ದು ಹನ್ನೊಂದು ಗಂಟೆಗೆ. ಬಹುಮಾನ ವಿತರಣೆ ಮುಗಿದಿತ್ತು. ನಮ್ಮ ತಂಡಕ್ಕೆ ಮೊದಲ ಬಹುಮಾನವಾಗಿ ಅಕ್ರಿಲಿಕ್ಕಿನ ಆಮೆ, ಪ್ಲಾಸ್ಟಿಕ್ ಕವರಿನಲ್ಲಿ. ಒಟ್ಟು ಮೂರೂಕಾಲು ಟನ್ ಅಂತ ಘೋಷಣೆಯಾಯಿತು. ಅತಿಥಿಗಳು ಹೋದರು, ಫೋಟೋದವನು ಹೋದ, ಶಾಮಿಯಾನ ಬಿಚ್ಚಿದರು. ನೂರಾ ಹನ್ನೆರಡು ಗೋಣಿ ದಡದಲ್ಲಿ ಸಾಲಾಗಿ ಕೂತಿದ್ದವು. ನೋಡಲು ಚಂದ, ಪಂಕ್ತಿಗೆ ಕೂತು ಎಲೆಗೆ ಕಾಯುವವರ ಹಾಗೆ.

ಒಯ್ಯುವವರು ಯಾರು?

ಒಂದು ಕಚೇರಿಗೆ ಫೋನ್ ಮಾಡಿದೆವು. ನೀರು ಮುಟ್ಟುವ ಜಾಗ ನಮ್ಮದಲ್ಲ ಅಂದರು. ಇನ್ನೊಂದಕ್ಕೆ ಮಾಡಿದೆವು. ಒಣ ಜಾಗ ನಮ್ಮದಲ್ಲ ಅಂದರು. ಗೋಣಿಗಳು ಇದ್ದದ್ದು ಸರಿಯಾಗಿ ಎರಡರ ಗಡಿಯಲ್ಲಿ. ತೆರೆ ಬಂದಾಗ ಆ ಕಚೇರಿಯವು, ತೆರೆ ಹೋದಾಗ ಈ ಕಚೇರಿಯವು. ಅರ್ಧ ನಿಮಿಷಕ್ಕೊಮ್ಮೆ ವರ್ಗಾವಣೆ. ಕೊನೆಗೆ ಒಬ್ಬರು ಟ್ರ್ಯಾಕ್ಟರ್ ಕಳಿಸುತ್ತೇನೆ ಅಂದರು, ಸೋಮವಾರ. ಶನಿವಾರ ಮಧ್ಯಾಹ್ನದ ಮೇಲೆ ಕಸಕ್ಕೂ ವೀಕೆಂಡ್.

"ಟ್ರ್ಯಾಕ್ಟರ್ ಬಂದ್ರೂ ಎಲ್ಲಿಗೆ ಒಯ್ತಾರೆ?" ಅಂತ ಕಾಲೇಜು ಹುಡುಗಿ ಕೇಳಿದಳು. ಮಂಗಳೂರಿನ ಕಸವೆಲ್ಲ ಹೋಗುವುದು ಪಚ್ಚನಾಡಿಗೆ. ಆ ಕಸದ ಗುಡ್ಡ 2019ರ ಆಗಸ್ಟಿನ ಮಳೆಗೆ ಜಾರಿ, ಕೆಳಗಿನ ಮಂದಾರದ ಮನೆ ತೋಟಗಳ ಮೇಲೆ ಬಂದು ಕೂತಿತ್ತು. ಒಯ್ಯಲು ಯಾರೂ ಬಾರದಿದ್ದರೆ ಕಸ ತಾನೇ ಹೊರಡುತ್ತದೆ. ಹುಡುಗಿಗೆ ಇದನ್ನೆಲ್ಲ ಹೇಳಲಿಲ್ಲ. ಅವಳು ಮೊದಲ ಸಲ ಬಂದವಳು. ಎಣಿಕೆಯ ಕಾರ್ಡನ್ನು ಟೀಶರ್ಟಿನ ಕವರಿಗೆ ಹಾಕಿ, ನಮ್ಮ ಪ್ಯಾಂಟಿದ್ದ ಗೋಣಿಯೊಳಗೆ ಇಟ್ಟು ಬಾಯಿ ಕಟ್ಟಿದೆ. ಸೋಮವಾರ ಬರುವವರಿಗೆ ಲೆಕ್ಕ ಸಿಗಲಿ ಅಂತ.

ಅಮಾವಾಸ್ಯೆ ಹತ್ತಿರ ಬಂದಿತ್ತು. ರಾತ್ರಿಯ ಭರತದಲ್ಲಿ ನೀರು ಗಾಳಿ ಮರದ ಬುಡದವರೆಗೆ ಬಂತಂತೆ. ಭಾನುವಾರ ಬೆಳಗ್ಗೆ ಹೋಗಿ ನೋಡಿದರೆ ತೀರ ಸ್ವಚ್ಛ. ಒಂದು ಗೋಣಿಯೂ ಇಲ್ಲ. ಇಷ್ಟು ವರ್ಷ ಚಿಲ್ಲರೆಯಾಗಿ ಸಿಗುತ್ತಿದ್ದದ್ದನ್ನು ಕಡಲಿಗೆ ಮೂಟೆ ಕಟ್ಟಿ ಕೊಟ್ಟಿದ್ದೆವು. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಆ ಖಾಲಿ ಬೀಚಿನ ಫೋಟೋ ಹಾಕಿ 'ನಮ್ಮ ಶ್ರಮದ ಫಲ' ಅಂತ ಬರೆದರು. ಅರವತ್ತು ಜನ ಕೈ ಮುಗಿದರು.

ಅಕ್ಟೋಬರ್ 2ಕ್ಕೆ ಪಕ್ಕದೂರಿನ ಬೀಚಿನಲ್ಲಿ ಶ್ರಮದಾನ ಇತ್ತು. ನೋಡಿ ಬರೋಣ ಅಂತ ಹೋದೆ. ಬೇರೆ ಸಂಘ, ಬೇರೆ ಬಣ್ಣದ ಟೀಶರ್ಟು, ಬೇರೆ ಅತಿಥಿ, ಅದೇ ಅಳತೆಯ ಫ್ಲೆಕ್ಸ್. ಇಬ್ಬರು ಹುಡುಗರು ಒಂದು ಒದ್ದೆ ಗೋಣಿಯನ್ನು ಎಳೆಯಲಾರದೆ ಎಳೆದುಕೊಂಡು ತಕ್ಕಡಿಯ ಹತ್ತಿರ ಬರುತ್ತಿದ್ದರು. ಕಟ್ಟು ನನ್ನದೇ, ನಮ್ಮ ಕಡೆ ಹುಲ್ಲಿನ ಹೊರೆಗೆ ಹಾಕುವ ಗಂಟು. ಬಾಯಿ ಬಿಚ್ಚಿದರು. ಕವರಿನೊಳಗೆ ನನ್ನ ಕೈಬರಹ ಒಂದಿಷ್ಟೂ ಕದಡಿರಲಿಲ್ಲ. ಮುಚ್ಚಳ 214, ಸ್ಟ್ರಾ 61.

"ಸರ್, ಇದನ್ನ ಯಾವ ಕಾಲಮ್ಮಿಗೆ ಬರೀಬೇಕು?" ಅಂತ ಒಬ್ಬ ಕೇಳಿದ.

"ಇತರೆ" ಅಂದೆ.

ಅಷ್ಟರಲ್ಲಿ ಇನ್ನೊಬ್ಬ ಒಳಗಿಂದ ಪ್ಯಾಂಟನ್ನು ಹೊರಗೆಳೆದಿದ್ದ. ಕೊಡವಲು ಕೈ ಎತ್ತಿದ. ಅವರ ಲೀಡರ್ ದೂರದಿಂದಲೇ ಕೂಗುತ್ತ ಓಡಿ ಬಂದರು. ಎರಡು ವಾರದಲ್ಲಿ ಹೊಯಿಗೆ ಇನ್ನೂ ಗಟ್ಟಿಯಾಗಿ ಕೂತಿತ್ತು. ಒಂಬತ್ತೂವರೆ ಕೆಜಿ ಬಂತು. ಮೊದಲ ಬಹುಮಾನ ಅವರಿಗೇ ಹೋಯಿತು.